ಇಪ್ಪತ್ಮೂರು ವರ್ಷಕ್ಕೆ ಒಂದೇ ಸಾಲು

ಮಾನ್ಯರೇ,

ಅಮೆರಿಕದ 77ನೇ ಇನ್‌ಫೆಂಟ್ರಿ (ಪದಾತಿ) ಡಿವಿಜನ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗಂತ ವಿಷಾದದ ಎರಡು ಸಾಲು ಗೀಚಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಫಿಲಿಪ್ಪೀನ್ಸ್‌ನ ಓರ್ಮಾಕ್ ಕಾಳಗದ ಭಾಗ ಚೆನ್ನಾಗಿದೆ, ಭಾಷೆ ಎಲ್ಲೂ ತೊಡರುವುದಿಲ್ಲ, ಕನ್ನಡದಲ್ಲಿ ಇಂಥ ವಿಷಯಕ್ಕೆ ಕೈಹಾಕುವವರೇ ಕಡಿಮೆ. ಹೊಗಳಿಕೆ ಇಷ್ಟು ಸಾಕು, ತಕರಾರಿಗೆ ಬರುತ್ತೇನೆ.

ಲೇಖನದ ಹೆಸರು 'ಒಂದು ಮೀಸಲು ಡಿವಿಜನ್ನಿನ ಶತಮಾನ'. ಪುಟ ಹದಿನಾಲ್ಕು. ಆ ಡಿವಿಜನ್ ನಿಜವಾಗಿ ಮೀಸಲು ಸೇನೆಯಲ್ಲಿದ್ದ ಕಾಲಕ್ಕೆ ನೀವು ಕೊಟ್ಟದ್ದು ಐದನೇ ಪುಟದ ಒಂದೇ ಸಾಲು: 'ಮುಂದಿನ ಎರಡು ದಶಕ ಡಿವಿಜನ್ ವಿಶ್ರಾಂತಿಯಲ್ಲಿತ್ತು.' ಅದರ ಬೆನ್ನಿಗೇ ಇನ್ನೊಂದು: 'ಆರ್ಗಾನ್ ಕಾಡಿನಲ್ಲಿ ಜರ್ಮನರನ್ನು ಎದುರಿಸಿದ ಅದೇ ನ್ಯೂಯಾರ್ಕ್ ವೀರರು 1944ರಲ್ಲಿ ಗ್ವಾಮ್ ದ್ವೀಪಕ್ಕೆ ಕಾಲಿಟ್ಟರು.' ಆರ್ಗಾನ್ ಮೊದಲ ಮಹಾಯುದ್ಧದ ಫ್ರಾನ್ಸ್, ಗ್ವಾಮ್ ಎರಡನೆಯದರ ಪೆಸಿಫಿಕ್ ಸಾಗರ. ಈ ಎರಡು ಸಾಲು ನನ್ನನ್ನು ಕೆರಳಿಸಿದವು. ಮೀಸಲು ಡಿವಿಜನ್ನಿನ ಚರಿತ್ರೆ ಬರೆಯುತ್ತೇನೆಂದು ಹೊರಟು, ಮೀಸಲು ಎಂದರೇನು ಎಂಬುದನ್ನೇ ನೀವು ಕೇಳಿಕೊಂಡಿಲ್ಲ.

ಮೊದಲ ವಾಕ್ಯದಿಂದಲೇ ಹಿಡಿಯೋಣ. 'ಮೀಸಲು ಡಿವಿಜನ್ ಆಗಿ 1917ರಲ್ಲಿ ಜನ್ಮತಾಳಿತು' ಎಂದಿದ್ದೀರಿ. ಇಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಲಾಂಗ್ ಐಲೆಂಡಿನ ಯಾಪ್‌ಹ್ಯಾಂಕ್ ಬಳಿಯ ಕ್ಯಾಂಪ್ ಅಪ್ಟನ್‌ನಲ್ಲಿ ಕಟ್ಟಿದ್ದು ನ್ಯಾಷನಲ್ ಆರ್ಮಿಯ ಡಿವಿಜನ್. ಕಡ್ಡಾಯ ಭರ್ತಿಯಲ್ಲಿ ಹೆಸರು ಬಂದವರ ಸೇನೆ ಅದು. ನಂಬರ್ ನೋಡಿದರೇ ಗೊತ್ತಾಗುತ್ತದೆ: ಆಗ 1ರಿಂದ 25 ಖಾಯಂ ಸೇನೆಗೆ, 26ರಿಂದ 75 ರಾಜ್ಯಗಳ ಅರೆಕಾಲಿಕ ಪಡೆಯಾದ ನ್ಯಾಷನಲ್ ಗಾರ್ಡ್‌ಗೆ, 76ರಿಂದ ಮೇಲಿನವು ಕಡ್ಡಾಯ ಭರ್ತಿಯವರಿಗೆ ಎಂದು ಹಂಚಿದ್ದರು. 77 ಎಂದ ಮೇಲೆ ನ್ಯೂಯಾರ್ಕಿನ ದರ್ಜಿ, ಗುಮಾಸ್ತ, ಬಂದರಿನ ಕೂಲಿ, ಇಂಗ್ಲಿಷ್ ಸರಿಯಾಗಿ ಬಾರದ ವಲಸಿಗ. ಯುದ್ಧ ಮುಗಿದು 1919ರ ಮೇ ತಿಂಗಳಲ್ಲಿ ಐದನೇ ಅವೆನ್ಯೂನಲ್ಲಿ ಮೆರವಣಿಗೆ ಮಾಡಿಸಿ ಅದನ್ನು ವಿಸರ್ಜಿಸಿದರು. ವಿಸರ್ಜನೆ ಎಂದರೆ ಮುಗಿಯಿತು: ಬಂದೂಕು ಉಗ್ರಾಣಕ್ಕೆ, ಮನುಷ್ಯ ಮನೆಗೆ. ಅಲ್ಲಿಂದ 1921ರ ಜೂನ್ 24ರವರೆಗೆ 77ನೇ ಡಿವಿಜನ್ ಎಂಬುದೇ ಇರಲಿಲ್ಲ. ಆ ದಿನ ಆರ್ಗನೈಜ್ಡ್ ರಿಸರ್ವ್ಸ್ ಪಟ್ಟಿಯಲ್ಲಿ ಅದನ್ನು ಮತ್ತೆ ಬರೆದುಕೊಂಡರು. ಮೀಸಲು ಎಂಬ ಪದ ನಿಮ್ಮ ಲೇಖನದಲ್ಲಿ ಮೊದಲ ಸಲ ಬರಬೇಕಾದದ್ದು ಅಲ್ಲಿ.

ಇನ್ನು ಆ 'ವಿಶ್ರಾಂತಿ'. 1920ರ ನ್ಯಾಷನಲ್ ಡಿಫೆನ್ಸ್ ಆ್ಯಕ್ಟ್ ಅಮೆರಿಕದ ಸೇನೆಯನ್ನು ಮೂರು ಭಾಗ ಮಾಡಿತು: ಖಾಯಂ ಸೇನೆ, ನ್ಯಾಷನಲ್ ಗಾರ್ಡ್, ಆರ್ಗನೈಜ್ಡ್ ರಿಸರ್ವ್ಸ್. ಮೂರನೆಯದು ಹೆಚ್ಚಾಗಿ ಕಾಗದದ ಮೇಲಿನ ಸೇನೆ, ಆದರೆ ಆ ಕಾಗದಕ್ಕೆ ಬೆಲೆಯಿತ್ತು. ಡಿವಿಜನ್ನಿನ ಚೌಕಟ್ಟು ಪೂರ್ತಿ ಸಿದ್ಧವಿತ್ತು: ಮುಖ್ಯ ಕಚೇರಿ ನ್ಯೂಯಾರ್ಕ್‌ನಲ್ಲಿ, ರೆಜಿಮೆಂಟ್‌ಗಳಿಗೆ ನಂಬರು, ಅಧಿಕಾರಿಗಳ ಪಟ್ಟಿ. ಇರದಿದ್ದದ್ದು ಸಿಪಾಯಿಗಳು, ಅವರ ಸಂಖ್ಯೆ ಬೆರಳೆಣಿಕೆಯಷ್ಟು. ಅಧಿಕಾರಿಗಳಲ್ಲಿ ಹಳೆಯ ಯುದ್ಧ ಕಂಡವರು ವಯಸ್ಸಾಗಿ ಸರಿದಂತೆ, ಕಾಲೇಜುಗಳಲ್ಲಿ ಆರ್‌ಒಟಿಸಿ (ಮೀಸಲು ಅಧಿಕಾರಿಗಳ) ತರಬೇತಿ ಮುಗಿಸಿದ ಹುಡುಗರು ಅವರ ಜಾಗಕ್ಕೆ ಬಂದರು. ಕಲಿಕೆ ಅಂಚೆ ಮೂಲಕ ಬರುವ ಪಾಠಗಳಲ್ಲಿ, ಸಂಜೆ ತರಗತಿಗಳಲ್ಲಿ, ಬೇಸಗೆಯ ಎರಡು ವಾರದ ಶಿಬಿರದಲ್ಲಿ. ಆ ಶಿಬಿರಕ್ಕೂ ಹಣವಿದ್ದ ವರ್ಷ ಮಾತ್ರ ಕರೆ ಬರುತ್ತಿತ್ತು. ಶಿಬಿರದ ದಿನಗಳಿಗೆ ಸಂಬಳವಿತ್ತು, ಸಂಜೆ ತರಗತಿಗೆ ಬಿಡಿಗಾಸಿಲ್ಲ. ಅದೇ ಊರಿನ ನ್ಯಾಷನಲ್ ಗಾರ್ಡ್‌ನವನಿಗೆ ಕವಾಯತಿನ ಸಂಜೆಗೂ ದುಡ್ಡು ಸಿಗುತ್ತಿತ್ತು. ಮೀಸಲಿನವರು ಅದಕ್ಕೆ 1948ರವರೆಗೆ ಕಾಯಬೇಕಾಯಿತು. ಆಫೀಸು ಮುಗಿಸಿ, ಸಂಬಳವಿಲ್ಲದ ತರಗತಿಯಲ್ಲಿ ಕುಳಿತು, ತನ್ನ ಕೈಕೆಳಗೆ ಒಬ್ಬನೂ ಇಲ್ಲದ ಕಂಪನಿಯನ್ನು ನಕ್ಷೆಯ ಮೇಲೆ ಹೇಗೆ ನಡೆಸಬೇಕೆಂದು ಬರೆಯುವ ಲೆಫ್ಟಿನೆಂಟ್: ನಿಮ್ಮ ಲೇಖನಕ್ಕೆ ಇವನು ಬೇಕು. ಇವನನ್ನು ಬಿಟ್ಟು ನೀವು ಅಲ್ಲಿ 'ವಿಶ್ರಾಂತಿ' ಎಂದು ಬರೆದಿರಿ.

'ಅದೇ ವೀರರು' ಎಂಬುದನ್ನು ಬರೀ ಲೆಕ್ಕದಿಂದಲೇ ಹೊಡೆದುಹಾಕಬಹುದು. 1917ರಲ್ಲಿ ಇಪ್ಪತ್ತೊಂದು ತುಂಬಿದವನಿಗೆ ಗ್ವಾಮ್ ಹೊತ್ತಿಗೆ ನಲವತ್ತೆಂಟು. ವಯಸ್ಸು ಬಿಡಿ, ಡಿವಿಜನ್ ಮತ್ತೆ ಕಟ್ಟಿದ ರೀತಿಯೇ ಬೇರೆ. 1942ರ ಮಾರ್ಚ್ 25ರಂದು ಸೌತ್ ಕ್ಯಾರೊಲೈನಾದ ಫೋರ್ಟ್ ಜಾಕ್ಸನ್‌ನಲ್ಲಿ 77ನೆಯದಕ್ಕೆ ಜೀವ ಕೊಟ್ಟರು. ಅದೇ ದಿನ ಬೇರೆ ಕಡೆ 82 ಮತ್ತು 90ನೇ ಡಿವಿಜನ್‌ಗಳಿಗೂ ಕರೆ ಬಂತು. ಮೀಸಲಿನಿಂದ ಎದ್ದ ಮೊದಲ ಮೂರು ಇವೇ. (82ನೆಯದು ಆ ಆಗಸ್ಟ್‌ನಲ್ಲಿ ಏರ್‌ಬೋರ್ನ್ ಆಯಿತು. ಎಲ್ಲರೂ ಬಲ್ಲ ಪ್ಯಾರಾಟ್ರೂಪರ್ ಡಿವಿಜನ್ ಮೀಸಲಿನಿಂದ ಎದ್ದದ್ದು ಎಂಬುದು ನಿಮ್ಮ ಓದುಗರಿಗೆ ಹೊಸ ಸಂಗತಿ. ಒಂದು ವಾಕ್ಯ ಕೊಡಿ.) ಆದರೆ ಕರೆ ಬರುವ ಹೊತ್ತಿಗೆ ಡಿವಿಜನ್ ಬರಿದಾಗಿತ್ತು. 1940 ಮತ್ತು 41ರಲ್ಲಿ ಮೀಸಲು ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ ಬೇರೆ ಬೇರೆ ಡಿವಿಜನ್‌ಗಳಿಗೆ, ತರಬೇತಿ ಕೇಂದ್ರಗಳಿಗೆ ಹಂಚಿದ್ದರು. ಪಲ್ಲಕ್ಕಿ ಉಳಿದಿತ್ತು, ಹೊರುವವರು ಆಗಲೇ ಬೇರೆ ಮೆರವಣಿಗೆಗೆ ಹೋಗಿದ್ದರು.

ಹಾಗಾದರೆ ಒಳಗೆ ಬಂದವರು ಯಾರು? ಆಗಿನ ಯೋಜನೆ ಹೀಗಿತ್ತು. ಮೊದಲು ಕಮಾಂಡರನ್ನೂ ಅವನ ಮುಖ್ಯ ಸಿಬ್ಬಂದಿಯನ್ನೂ ಗೊತ್ತುಮಾಡುವುದು. ಆಮೇಲೆ ಈಗಾಗಲೇ ಪಳಗಿದ ಒಂದು ಡಿವಿಜನ್ನಿನಿಂದ ಸುಮಾರು 1,200 ಸಾರ್ಜೆಂಟ್, ಕಾರ್ಪೊರಲ್, ಅಡುಗೆಯವರು, ಗುಮಾಸ್ತರನ್ನು ಕಿತ್ತು ತರುವುದು. ಇವರಿಗೆ ಕೇಡರ್ ಎನ್ನುತ್ತಿದ್ದರು. ಕೊನೆಗೆ ಭರ್ತಿ ಕೇಂದ್ರಗಳಿಂದ 13,000ಕ್ಕೂ ಹೆಚ್ಚು ಹೊಸಬರನ್ನು ರೈಲಿನಲ್ಲಿ ತುಂಬಿ ತರುವುದು. ಎಡವಟ್ಟಾಗುತ್ತಿದ್ದದ್ದು ಕೇಡರ್ ಹಂತದಲ್ಲಿ. ಕೇಳಿದ ಕೂಡಲೇ ತನ್ನ ಒಳ್ಳೆಯ ಸಾರ್ಜೆಂಟ್‌ಗಳನ್ನು ಬಿಟ್ಟುಕೊಡುವ ಕಮಾಂಡರ್ ಯಾವ ಸೇನೆಯಲ್ಲಿದ್ದಾನೆ? ಹೊಸ ಡಿವಿಜನ್ ಒಂದಿಷ್ಟು ಪಳಗಿತು ಎನ್ನುವಷ್ಟರಲ್ಲಿ ಅದೇ ಇನ್ನೊಂದಕ್ಕೆ ಕೇಡರ್ ಕೊಡಬೇಕಾಗುತ್ತಿತ್ತು. ಕಾಗದದ ಲೆಕ್ಕದಲ್ಲಿ 17 ವಾರ ಸಿಪಾಯಿಯ ತರಬೇತಿ, 13 ವಾರ ತುಕಡಿಯ ತರಬೇತಿ, 14 ವಾರ ಫಿರಂಗಿ ಮುಂತಾದ ಎಲ್ಲ ಅಂಗಗಳ ಜಂಟಿ ತರಬೇತಿ, ನಂತರ ಅಣಕು ಕಾಳಗ. ಒಂದು ವರ್ಷದ ಕೆಲಸ. 77ನೆಯದಕ್ಕೆ ಹಿಡಿದದ್ದು ಎರಡು ವರ್ಷದ ಮೇಲೆ: ಲೂಯಿಸಿಯಾನಾದ ಕೆಸರು, ಅರಿಜೋನಾದ ಮರುಭೂಮಿ, ವೆಸ್ಟ್ ವರ್ಜೀನಿಯಾದ ಬೆಟ್ಟ, 1944ರ ಮಾರ್ಚ್‌ನಲ್ಲಿ ಹವಾಯಿ. ಮೂವತ್ತು ದಾಟಿದವರು ಅದರಲ್ಲಿ ಬಹಳ ಮಂದಿ ಇದ್ದರು. ಈ ವಿವರವೆಲ್ಲ ನಿಮ್ಮಲ್ಲಿ 'ಕಠಿಣ ತರಬೇತಿಯ ನಂತರ' ಎಂಬ ಮೂರು ಪದದಲ್ಲಿ ಮುಗಿದುಹೋಗಿದೆ.

ನಿಮಗೆ ಸಿಕ್ಕಿಯೂ ನೀವು ಬಳಸದ ಸಂಗತಿ ಒಂದಿದೆ. ಮೊದಲ ಮಹಾಯುದ್ಧದ ಡಿವಿಜನ್‌ನಲ್ಲಿ ನಾಲ್ಕು ಪದಾತಿ ರೆಜಿಮೆಂಟ್: 305, 306, 307, 308. 1942ರಲ್ಲಿ ಮೂರೇ ಇರಬೇಕೆಂಬ ಹೊಸ ಪದ್ಧತಿ ಬಂದು 308 ಹೊರಬಿತ್ತು. ಆರ್ಗಾನ್‌ನಲ್ಲಿ ಮುತ್ತಿಗೆಗೆ ಸಿಕ್ಕ, 'ಲಾಸ್ಟ್ ಬೆಟಾಲಿಯನ್' ಎಂದು ಹೆಸರಾದ ತಂಡವನ್ನು ನಡೆಸಿದ ಮೇಜರ್ ಚಾರ್ಲ್ಸ್ ವಿಟಲ್‌ಸೀ ಅವರ ರೆಜಿಮೆಂಟ್ ಅದೇ. ಡಿವಿಜನ್ನಿಗೆ ಹೆಸರು ತಂದ ರೆಜಿಮೆಂಟ್ ಗ್ವಾಮ್‌ಗೆ ಹೋಗಲೇ ಇಲ್ಲ. ನಿಮ್ಮ ಕೋಷ್ಟಕದಲ್ಲಿ ಎರಡೂ ಯುದ್ಧಗಳ ರೆಜಿಮೆಂಟ್ ಪಟ್ಟಿ ಪಕ್ಕಪಕ್ಕದಲ್ಲಿದೆ, ಎರಡನೆಯದರಲ್ಲಿ ಒಂದು ಸಾಲು ಕಡಿಮೆ ಇದೆ. ನೋಡಿಯೂ ಏಕೆ ಎಂದು ಕೇಳದಿದ್ದರೆ ಕೋಷ್ಟಕ ಹಾಕುವುದೇ ದಂಡ.

ಎರಡನೇ ತಕರಾರು ಅಳತೆಯದು. ಡಿವಿಜನ್ನಿನೊಳಗೆ ರೆಜಿಮೆಂಟ್, ಅದರೊಳಗೆ ಬೆಟಾಲಿಯನ್, ಅದರೊಳಗೆ ಕಂಪನಿ. ಮೂರನೇ ಪುಟದಲ್ಲಿ '77ನೇ ಡಿವಿಜನ್ ಐದು ದಿನ ಶತ್ರುವಿನ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು' ಎಂದಿದೆ, ಮುಂದಿನ ಪ್ಯಾರಾದಲ್ಲಿ 'ಆ ಬೆಟಾಲಿಯನ್', ಅದರಾಚೆ 'ಆ ರೆಜಿಮೆಂಟ್'. ಮೂರರಲ್ಲಿ ಒಂದೂ ಸರಿಯಲ್ಲ. 1918ರ ಅಕ್ಟೋಬರ್ 2ರ ಸಂಜೆ ಶಾರ್ಲ್‌ವೋ ಕಣಿವೆಗೆ ತಲುಪಿ, ಮರುದಿನದ ಹೊತ್ತಿಗೆ ಬೆನ್ನ ಹಿಂದಿನ ದಾರಿ ಕಳೆದುಕೊಂಡವರು 308ನೆಯದರ ಎರಡು ಬೆಟಾಲಿಯನ್‌ಗಳ ಆರು ಕಂಪನಿಗಳು, 307ನೆಯದರ ಕೆ ಕಂಪನಿ, 306ನೇ ಮಷಿನ್‌ಗನ್ ಬೆಟಾಲಿಯನ್ನಿನ ಒಂದಿಷ್ಟು ಜನ. ಒಟ್ಟು ಸುಮಾರು 550. ಆಗ ಒಂದು ರೈಫಲ್ ಕಂಪನಿ ತುಂಬಿದ್ದರೆ 250 ಜನ. ಏಳು ಕಂಪನಿ ಎಂದರೆ 1,750 ಆಗಬೇಕು. ಇದ್ದದ್ದು ಅದರ ಮೂರನೇ ಒಂದು ಭಾಗದಷ್ಟು. ಮುತ್ತಿಗೆಗೆ ಮೊದಲೇ ಆ ಕಂಪನಿಗಳು ಎಷ್ಟು ಸವೆದಿದ್ದವು ಎಂಬುದು ಈ ಒಂದು ಭಾಗಾಕಾರದಲ್ಲಿ ಕಾಣುತ್ತದೆ. ಏಳರಂದು ನೆರವು ಬಂದಾಗ ತಮ್ಮ ಕಾಲ ಮೇಲೆ ನಡೆದು ಹೊರಬಂದವರು 194.

ಸಿಕ್ಕಿಬಿದ್ದದ್ದೇಕೆ ಎಂಬುದಕ್ಕೆ ನೀವು 'ದುರದೃಷ್ಟ' ಎನ್ನುತ್ತೀರಿ. ಡಿವಿಜನ್ ಕಮಾಂಡರ್ ರಾಬರ್ಟ್ ಅಲೆಗ್ಸಾಂಡರ್ ಅವರ ಆದೇಶ ಸ್ಪಷ್ಟವಿತ್ತು: ಎಡಬಲದವರು ಬರಲಿ ಬಿಡಲಿ, ಮುಂದೆ ನುಗ್ಗಿ. ಎಡಕ್ಕೆ ಫ್ರೆಂಚರು ಹಿಂದುಳಿದರು, ಬಲಕ್ಕಿದ್ದ ಸ್ವಂತ ಡಿವಿಜನ್ನಿನವರೂ ಹಿಂದುಳಿದರು. ಸುದ್ದಿ ಒಯ್ಯಲು ದಾರಿಯುದ್ದಕ್ಕೂ ನಿಲ್ಲಿಸಿದ್ದ ಓಟಗಾರರ ಸರಪಳಿಯನ್ನು ಜರ್ಮನರು ರಾತ್ರಿ ನುಸುಳಿ ಕಡಿದರು. ಅದೃಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾರಿವಾಳ ಶೆರ್ ಅಮಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಅದು ಹೊತ್ತ ಚೀಟಿ ನಮ್ಮದೇ ಫಿರಂಗಿ ನಮ್ಮ ಮೇಲೆ ಬೀಳುತ್ತಿದೆ, ನಿಲ್ಲಿಸಿ ಎನ್ನುವ ಚೀಟಿ ಎಂದು ಹೇಳಲು ಮರೆತಿದ್ದೀರಿ! ಪಾರಿವಾಳ ನಾಲ್ಕು ಸಾಲಿಗಿಳಿಯಲಿ.

'ಎಲ್ಲರೂ ನ್ಯೂಯಾರ್ಕಿನವರು' ಎಂಬುದನ್ನೂ ಹೊಡೆದುಹಾಕಿ. ಆರ್ಗಾನ್ ದಾಳಿ ಶುರುವಾದದ್ದು ಸೆಪ್ಟೆಂಬರ್ 26ಕ್ಕೆ. ಅದಕ್ಕೆ ಸ್ವಲ್ಪ ಮೊದಲು, ಹಿಂದಿನ ಕಾಳಗಗಳಲ್ಲಿ ಸತ್ತವರ ಮತ್ತು ಗಾಯಗೊಂಡವರ ಜಾಗಕ್ಕೆ 40ನೇ ಡಿವಿಜನ್ನಿನಿಂದ ಸಾವಿರಾರು ಜನ ಬಂದರು, ಪಶ್ಚಿಮ ರಾಜ್ಯಗಳ ಹಳ್ಳಿಯವರು. ಸರಿಯಾಗಿ ಬಂದೂಕು ಹಿಡಿಯಲು ಬಾರದವರೂ ಅವರಲ್ಲಿದ್ದರು.

ಗ್ವಾಮ್‌ಗೆ '28,000 ಸೈನಿಕರ ಡಿವಿಜನ್' ಇಳಿಸಿದ್ದೀರಿ. ಅದು 1918ರ ಸಂಖ್ಯೆ. ಸೇನೆಯದೇ 1943ರ ಕೋಷ್ಟಕದಂತೆ ಡಿವಿಜನ್ 14,253, ರೆಜಿಮೆಂಟ್ 3,118, ಬೆಟಾಲಿಯನ್ 871, ರೈಫಲ್ ಕಂಪನಿ 193. ಇನ್ನೊಂದು: 1944ರ ಜುಲೈ 21ರಂದು ದಡ ಸೇರಿದ್ದು ಇಡೀ ಡಿವಿಜನ್ ಅಲ್ಲ, 305ನೇ ರೆಜಿಮೆಂಟ್, ಅದೂ ಮರೀನ್ ಬ್ರಿಗೇಡಿನ ಕೈಕೆಳಗೆ. ಉಳಿದವರು ಮುಂದಿನ ದಿನಗಳಲ್ಲಿ ಬಂದರು.

ನಾನು ಉಪಸಂಪಾದಕನಾಗಿ ಕೆಲಸ ಕಲಿತ ಮೇಜಿನಲ್ಲಿ ಯುದ್ಧದ ಯಾವ ಬರಹ ಬಂದರೂ ಮೊದಲು ಅಂಚಿನಲ್ಲಿ ಮೂರು ಗೀಟು ಎಳೆಯಬೇಕಿತ್ತು: ಎಷ್ಟು ಜನ, ಯಾವ ತಾರೀಖು, ಯಾರ ಕೈಕೆಳಗೆ. ಪಡೆಯ ಹೆಸರು ಬಂದಲ್ಲೆಲ್ಲ ಮೂರೂ ತುಂಬಬೇಕು, ತುಂಬದ ವಾಕ್ಯ ಲೇಖಕನಿಗೆ ವಾಪಸ್. ನಮ್ಮ ಹಿರಿಯರು ಅದನ್ನು ಕೆಂಪು ಪೆನ್ಸಿಲಿನಲ್ಲೇ ಮಾಡಿಸುತ್ತಿದ್ದರು, ಯಾಕೆಂದರೆ ಖಾಲಿ ಬಿಟ್ಟ ಜಾಗ ದೂರದಿಂದಲೇ ಕಾಣಬೇಕು. ಆಗ ಕಿರಿಕಿರಿ ಎನಿಸುತ್ತಿತ್ತು. ನಿಮ್ಮ ಲೇಖನದ ಮೇಲೆ ಮೊನ್ನೆ ಅದೇ ಗೀಟು ಎಳೆದೆ, ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಖಾಲಿ ಜಾಗ ಎಲ್ಲಿ ಹೆಚ್ಚಿದೆ ನೋಡಿ.

ಮೀಸಲು ಡಿವಿಜನ್ನಿಗೆ ನಾಲ್ಕನೆಯ ಗೀಟೂ ಬೇಕು: ಆ ದಿನ ಅದು ಯಾವ ಸ್ಥಿತಿಯಲ್ಲಿತ್ತು. ಬರೆಯಲು ಕೂರುವ ಮೊದಲೇ ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ. 1917 ಕಟ್ಟಿದ್ದು, 1919 ವಿಸರ್ಜನೆ, 1921 ಮೀಸಲಿನಲ್ಲಿ ಮರುಸ್ಥಾಪನೆ, 1942 ಸಕ್ರಿಯ ಸೇವೆಗೆ ಕರೆ, 1946ರ ಮಾರ್ಚ್ 15 ಜಪಾನಿನಲ್ಲಿ ನಿಷ್ಕ್ರಿಯ, ಮತ್ತೆ ಮೀಸಲು, 1965ರಲ್ಲಿ ಮತ್ತೆ ನಿಷ್ಕ್ರಿಯ. ವಿಸರ್ಜನೆಯೂ ನಿಷ್ಕ್ರಿಯವೂ ಒಂದೇ ಅಲ್ಲ: ಮೊದಲನೆಯದರಲ್ಲಿ ಘಟಕ ಪಟ್ಟಿಯಿಂದಲೇ ಹೋಗುತ್ತದೆ, ಎರಡನೆಯದರಲ್ಲಿ ಹೆಸರು ಪಟ್ಟಿಯಲ್ಲಿ ಉಳಿದು ಜನ ಮಾತ್ರ ಇರುವುದಿಲ್ಲ. 1965ರ ನಂತರ ನ್ಯೂಯಾರ್ಕಿನಲ್ಲಿ ಅದೇ ಸ್ವಾತಂತ್ರ್ಯದೇವಿಯ ತೋಳುಪಟ್ಟಿ ತೊಟ್ಟ 77ನೇ ಆರ್ಮಿ ರಿಸರ್ವ್ ಕಮಾಂಡ್ ಬಂತು. ಅದು ಹಲವು ಬಗೆಯ ಮೀಸಲು ಘಟಕಗಳನ್ನು ನೋಡಿಕೊಳ್ಳುವ ಕಚೇರಿ, ಕಾಳಗಕ್ಕಿಳಿಯುವ ಪದಾತಿ ಡಿವಿಜನ್ ಅಲ್ಲ. ನಿಮ್ಮ 'ಶತಮಾನ' ಅಲ್ಲಿಗೆ ತುಂಡಾಗುತ್ತದೆ. ಹೆಸರು ಬದಲಿಸಿ.

ಜಪಾನಿನ ಓಕಿನಾವಾ ಕಾಳಗ, ಅದರ ಪಕ್ಕದ ಇಯೆ ಶಿಮಾ ದ್ವೀಪದಲ್ಲಿ ಸತ್ತ ವರದಿಗಾರ ಎರ್ನಿ ಪೈಲ್, ಬಂದೂಕು ಹೊರಲೊಪ್ಪದೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಪಡೆದ ಡೆಸ್ಮಂಡ್ ಡಾಸ್ ಇವೆಲ್ಲ ಇರಲಿ. ಜನ ಅಷ್ಟಿಷ್ಟು ಬಲ್ಲ ಕಥೆಗಳು, ಈಗಿನ ಅರ್ಧಕ್ಕೆ ಇಳಿಸಿ. ಹೈಫಾದ ಪ್ಯಾರಾ ಮಾತ್ರ ತೆಗೆಯಲೇಬೇಕು. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ್ದು ನಿಜ, ನಮಗೆ ಹೆಮ್ಮೆಯೂ ಹೌದು. ಆದರೆ ಅದು ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷರ ಕಡೆಯ ಕುದುರೆ ಪಡೆ. 77ಕ್ಕೂ ಅದಕ್ಕೂ ಇರುವ ನಂಟು ಕ್ಯಾಲೆಂಡರಿನ ಒಂದೇ ಪುಟ. ಕನ್ನಡದ ಓದುಗರಿಗೆ ಅಮೆರಿಕದ ವಿಷಯ ಕೊಡುವಾಗ ನಮ್ಮ ಊರನ್ನು ನಡುವೆ ತೂರಿಸದಿದ್ದರೆ ಓದುವುದಿಲ್ಲ ಎಂದು ನಿಮಗೆ ಯಾರು ಹೇಳಿದರು?

1921ರಿಂದ 1942ರವರೆಗಿನ ಭಾಗ ಕನಿಷ್ಠ ಮೂರು ಪುಟ ಆಗಲಿ, ಫೋರ್ಟ್ ಜಾಕ್ಸನ್ ಎರಡು ಪುಟ. ಒಟ್ಟು ಹನ್ನೆರಡು ದಾಟದಿರಲಿ. ನಕ್ಷೆ ಎರಡು ಸಾಕು, ಶಾರ್ಲ್‌ವೋ ಕಣಿವೆಯದು ಮತ್ತು ಓರ್ಮಾಕ್‌ನದು. ಎರಡರಲ್ಲೂ ಕಂಪನಿ ಮತ್ತು ರೆಜಿಮೆಂಟ್ ಗುರುತು ಬೇರೆಬೇರೆಯಾಗಿ ಕಾಣಬೇಕು. ಅಂಚಿನ ಗೀಟುಗಳನ್ನು ತುಂಬಿಸಿಯೇ ಕಳಿಸಿ.

ಇತಿ,
ಸಂಪಾದಕ