ಮಗಳ ದಿಂಬಿನಡಿಯ ಪುಸ್ತಕ

ನಮಸ್ಕಾರ. ಜಾನ್ ಗ್ರೀನ್ ಅವರ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಕಾದಂಬರಿಯನ್ನು ಕಳೆದ ಸಂಚಿಕೆಯಲ್ಲಿ ನಾನು ಮೆಚ್ಚಿ ಬರೆದದ್ದಕ್ಕೆ ನೀವು ಸಿಟ್ಟಾಗಿದ್ದೀರಿ. ಪಿಯುಸಿ ಓದುವ ನಿಮ್ಮ ಮಗಳು ಅದನ್ನು ದಿಂಬಿನಡಿ ಇಟ್ಟುಕೊಂಡು ರಾತ್ರಿ ಅಳುತ್ತಾಳಂತೆ. ‘ಕ್ಯಾನ್ಸರ್ ಬಂದ ಹುಡುಗ ಹುಡುಗಿಯ ಪ್ರೇಮಕ್ಕೆ ನೀವೂ ತುತ್ತೂರಿ ಊದುವುದೇ? ಪುಸ್ತಕ ಕಸಿದಿಡಲೇ?’ ಎಂದು ಕೇಳಿದ್ದೀರಿ.

ನಾನೂ ಮೊದಲು ನಿಮ್ಮ ಕಡೆಯವನೇ. ನಮ್ಮ ಕಚೇರಿಗೆ ಬರುವ ಧಾರಾವಾಹಿಗಳಲ್ಲಿ ನಾಯಕಿ ಒಮ್ಮೆ ಕೆಮ್ಮಿ, ಕರ್ಚೀಫಿನಲ್ಲಿ ರಕ್ತ ಕಂಡಿತೆಂದರೆ ಮುಂದಿನ ಹತ್ತು ಕಂತು ನಾನೇ ಬರೆದುಕೊಡಬಲ್ಲೆ. ಪ್ರಾಣ ಹೋಗುವಾಗಲೂ ಆಕೆಯ ತಲೆಗೂದಲು ಕೆದರಿರುವುದಿಲ್ಲ! 2012ರಲ್ಲಿ ಬಂದ ಈ ಪುಸ್ತಕವನ್ನು ಬೈಯಲೆಂದೇ ಕೈಗೆತ್ತಿಕೊಂಡಿದ್ದೆ. ಆಗಸ್ಟಸ್ ಎಂಬ ಹದಿನೇಳರ ಹುಡುಗ, ಮೂಳೆ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡವನು, ಸಿಗರೇಟನ್ನು ಹಚ್ಚದೆ ಬರೀ ತುಟಿಗಿಟ್ಟುಕೊಂಡು ಅದಕ್ಕೊಂದು ತತ್ವ ಹೇಳುತ್ತಾನೆ. ಅಲ್ಲಿಗೇ ಮುಚ್ಚಿಡಬೇಕೆಂದಿದ್ದೆ.

ನಾನು ಸೋತದ್ದು ಒಂದು ಪೆಟ್ರೋಲ್ ಬಂಕಿನಲ್ಲಿ. (ಕಥೆ ಬಿಟ್ಟುಕೊಡುತ್ತಿದ್ದೇನೆ, ಮಗಳಿಗಂತೂ ಗೊತ್ತೇ ಇದೆ.) ರೋಗ ಮರುಕಳಿಸಿದೆ. ಒಂದು ಪ್ಯಾಕ್ ಸಿಗರೇಟನ್ನಾದರೂ ತಾನೇ ಹೋಗಿ ತರಬೇಕೆಂಬ ಹಟಕ್ಕೆ ನಡುರಾತ್ರಿ ಕಾರು ಹತ್ತಿದ ಅದೇ ಹುಡುಗ ಅಲ್ಲೇ ಕುಸಿದಿದ್ದಾನೆ. ಹೊಟ್ಟೆಗೆ ಹಾಕಿದ ನಳಿಕೆಯ ಜಾಗ ಕೀವುಗಟ್ಟಿದೆ, ಮೈಮೇಲೆಲ್ಲ ವಾಂತಿ. ಆಂಬುಲೆನ್ಸ್ ಕರೆಯಬೇಡ ಎಂದು ಗೋಗರೆಯುತ್ತಾನೆ. ತಾನೇ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಬಂದ ಕಥಾನಾಯಕಿ ಹೇಜಲ್ ಕೇಳುವುದಿಲ್ಲ, ಕರೆಯುತ್ತಾಳೆ; ಅದು ಬರುವವರೆಗೆ ತನಗೆ ಬಾಯಿಪಾಠವಿದ್ದ ಪದ್ಯ ಹೇಳುತ್ತಾ ಕೂರುತ್ತಾಳೆ. ಧೀರನಾಗಿ ಸಾಯುವ ಬಯಕೆಯಿದ್ದ ಹುಡುಗನಿಗೆ ಲೇಖಕ ಆ ರಿಯಾಯಿತಿ ಕೊಡಲಿಲ್ಲ. ಗ್ರೀನ್ ಹಿಂದೊಮ್ಮೆ ಮಕ್ಕಳ ಆಸ್ಪತ್ರೆಯಲ್ಲಿ ವಿದ್ಯಾರ್ಥಿ ಪಾದ್ರಿಯಾಗಿ ಕೆಲಸ ಮಾಡಿದವರು. ಈ ಪುಟಗಳ ವಾಸನೆ ಅಲ್ಲಿಂದಲೇ ಬಂದಿರಬೇಕು.

ಎಲ್ಲವೂ ಮೆಚ್ಚುಗೆಯಾಯಿತೆಂದಲ್ಲ. ಈ ಮಕ್ಕಳು ಒಮ್ಮೊಮ್ಮೆ ನಿವೃತ್ತ ಪ್ರಾಧ್ಯಾಪಕರಂತೆ ಮಾತಾಡುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯಲ್ಲಿ, ಅಂದರೆ ನಾಜಿಗಳಿಗೆ ಹೆದರಿ ಆ ಯಹೂದಿ ಬಾಲಕಿ ಅಡಗಿದ್ದ ಜಾಗದಲ್ಲಿ, ಅವರು ಮುತ್ತಿಡುವುದು, ಸುತ್ತಲಿದ್ದವರು ಚಪ್ಪಾಳೆ ತಟ್ಟುವುದು ನನಗಿನ್ನೂ ಗಂಟಲಲ್ಲಿ ಇಳಿದಿಲ್ಲ. ಆದರೆ ‘ನಮ್ಮ ನಕ್ಷತ್ರಗಳಲ್ಲಿನ ತಪ್ಪು’ ಎಂಬರ್ಥದ ಪುಸ್ತಕದ ಹೆಸರು ಇಷ್ಟವಾಯಿತು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ನಲ್ಲಿ ಕ್ಯಾಸಿಯಸ್ ಬ್ರೂಟಸನಿಗೆ, ತಪ್ಪು ನಕ್ಷತ್ರಗಳದ್ದಲ್ಲ, ನಮ್ಮದೇ ಎನ್ನುತ್ತಾನೆ. ಹದಿಮೂರಕ್ಕೇ ಥೈರಾಯ್ಡ್ ಕ್ಯಾನ್ಸರ್ ಅಂಟಿಸಿಕೊಂಡ ಹುಡುಗಿಯ ತಪ್ಪೇನು ಹೇಳಿ? ಹಣೆಬರಹ, ಹಿಂದಿನ ಜನ್ಮದ ಕರ್ಮ ಎಂದು ನಾವು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಆಡುವ ಮಾತುಗಳೂ ನೆನಪಾದವು.

ಕಸಿದಿಡಬೇಡಿ. ಅವಳು ಮುಗಿಸಿದ ಮೇಲೆ ನೀವೇ ಓದಿ. ಇದರಲ್ಲಿ ಒಬ್ಬ ತಾಯಿಯಿದ್ದಾಳೆ. ಐಸಿಯುನಲ್ಲಿ ಹೇಜಲ್ ಇನ್ನೇನು ಉಳಿಯಳು ಎನ್ನುವಾಗ ಆಕೆ ಗಂಡನ ಎದೆಗೊರಗಿ, ಇನ್ನು ನಾನು ಯಾರ ಅಮ್ಮನೂ ಅಲ್ಲ ಎಂದು ಅತ್ತದ್ದು ಮಗಳ ಕಿವಿಗೆ ಬಿದ್ದಿರುತ್ತದೆ. ಬದುಕಿ ಬಂದ ಹುಡುಗಿ ಆ ಮಾತನ್ನು ಎದೆಯಲ್ಲಿ ಹೊತ್ತುಕೊಂಡೇ ತಿರುಗುತ್ತಾಳೆ. ಕೊನೆಕೊನೆಗೆ ಗೊತ್ತಾಗುತ್ತದೆ, ಅಮ್ಮ ಗುಟ್ಟಾಗಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ನಾನಿಲ್ಲದ ಕಾಲವನ್ನು ಯೋಚಿಸುತ್ತಿದ್ದಾಳೆಂದು ಮಗಳು ನೊಂದಾಳು ಅಂತ ಮುಚ್ಚಿಟ್ಟಿರುತ್ತಾಳೆ. ಹೇಜಲ್ ನೋಯುವುದಿಲ್ಲ, ಖುಷಿಯಿಂದ ಅಳುತ್ತಾಳೆ.

ನಿಮ್ಮ ಮಗಳು ಅತ್ತದ್ದು ಯಾವ ಪುಟಕ್ಕೆ ಅಂತ ಒಮ್ಮೆ ಕೇಳಿ ನೋಡಿ. ಆಗಸ್ಟಸನಿಗೇ ಅತ್ತಳೆಂದು ನೀವು ಅಂದುಕೊಂಡಿರಬಹುದು.