ಸ್ಮಾರ್ಟ್ ಟಿವಿ ಬಂತು, ಮಕ್ಕಳು ಇಂಗ್ಲಿಷ್ ಮಾತಾಡುವುದು ಯಾವಾಗ?

ಪ್ರಶ್ನೆ: ಮಲ್ಪೆ ಆಸುಪಾಸಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ. ದುಡಿಮೆಗೆಂದು ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಹಳೆ ವಿದ್ಯಾರ್ಥಿಗಳು ಸ್ಮಾರ್ಟ್ ಟಿವಿ ಕೊಡಿಸಿದ್ದಾರೆ, ನನಗೆ ಆನ್‌ಲೈನ್ ತರಬೇತಿಯೂ ಆಗಿದೆ. ವಿಡಿಯೋ ಹಾಕಿದರೆ ಮಕ್ಕಳಿಗೆ ಖುಷಿಯೋ ಖುಷಿ, ಪದ್ಯಗಳೆಲ್ಲ ಬಾಯಿಪಾಠ. ಆದರೆ ಸಣ್ಣದೊಂದು ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಏನು ಮಾಡಲಿ?
— ಶಿಕ್ಷಕಿ, ಉಡುಪಿ ತಾಲೂಕು

ಉತ್ತರ: ಟೀಚರೇ, ಇದು ನಿಮ್ಮ ತಪ್ಪೂ ಅಲ್ಲ, ಮಕ್ಕಳ ತಪ್ಪೂ ಅಲ್ಲ. ಪೀರಿಯಡ್ ಪೂರ್ತಿ ಟಿವಿಯೇ ಮಾತಾಡಿದರೆ ಮಕ್ಕಳು ಮಾತಾಡುವುದು ಯಾವಾಗ? ಶಾಲೆಯ ಗೇಟು ದಾಟಿದರೆ ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಆಡುವ ಪ್ರಸಂಗವೇ ಬರುವುದಿಲ್ಲ. ಹಾಗಾಗಿ ಯಾವ ಉಪಕರಣ ಬಂದರೂ ನಾನು ಮೊದಲು ನೋಡುವುದು, ಅದರಿಂದ ಮಗು ಎಷ್ಟು ಬಾಯಿ ಬಿಟ್ಟಿತು ಎಂಬುದನ್ನು.

ನಾಳೆಯೇ ಹೀಗೆ ಮಾಡಿ ನೋಡಿ. ಎರಡು ನಿಮಿಷದ ವಿಡಿಯೋ ಆರಿಸಿ, ಟಿವಿಯ ಸೌಂಡ್ ಪೂರ್ತಿ ಬಂದ್ ಮಾಡಿ. ಬಂದರಿನಲ್ಲಿ ಹೆಂಗಸೊಬ್ಬರು ಬುಟ್ಟಿಗೆ ಮೀನು ತುಂಬುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅಲ್ಲೇ ನಿಲ್ಲಿಸಿ, ‘ವಾಟ್ ಈಸ್ ಶೀ ಡೂಯಿಂಗ್?’ ಎಂದು ಕೇಳಿ. ಮೊದಲು ಪಕ್ಕದವರ ಜತೆ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿಕೊಳ್ಳಲಿ, ತಡೆಯಬೇಡಿ. ಹೇಳಬೇಕಾದ್ದು ತಲೆಯಲ್ಲಿ ಗಟ್ಟಿಯಾದರೆ ಇಂಗ್ಲಿಷ್ ಹುಡುಕುವುದು ಸುಲಭ. ಯಾರೋ ಒಬ್ಬ ‘ಫಿಶ್, ಬಾಸ್ಕೆಟ್’ ಎಂದರೂ ಸಾಕು. ‘ಯೆಸ್, ಶೀ ಈಸ್ ಪುಟಿಂಗ್ ಫಿಶ್ ಇನ್ ದ ಬಾಸ್ಕೆಟ್’ ಎಂದು ಪೂರ್ತಿ ವಾಕ್ಯವನ್ನು ನೀವು ಸೇರಿಸಿ, ಇಬ್ಬಿಬ್ಬರು ಅದನ್ನು ಪರಸ್ಪರ ಹೇಳಿಕೊಳ್ಳಲಿ. ಸೌಂಡ್ ಹಾಕುವುದು ಕೊನೆಗೆ. ಮುಂದಿನ ವಾರ ಜೋಳದ ಹೊಲದ ವಿಡಿಯೋ ಇಟ್ಟು ನೋಡಿ, ಕೊಪ್ಪಳದ ಮಕ್ಕಳೇ ಮುಂದೆ ಬಂದಾರು.

ನಾಚುವ ಮಕ್ಕಳಿಗೆ ನಿಮ್ಮ ಫೋನಿನ ರೆಕಾರ್ಡರ್ ಕೊಡಿ. ಮೂರು ವಾಕ್ಯ ಹೇಳಿ, ಕೇಳಿಸಿಕೊಂಡು, ಬೇಕೆನಿಸಿದರೆ ಅಳಿಸಿ ಮತ್ತೆ ಹೇಳಲಿ. ನಗುವವರು ಯಾರೂ ಇರುವುದಿಲ್ಲ. ಮಗು ಓದಿದ್ದನ್ನು ಕೇಳಿ ತಿದ್ದುವ ಆ್ಯಪ್‌ಗಳು ಓದಿನ ಅಭ್ಯಾಸಕ್ಕೆ ಒಳ್ಳೆಯವು. ಆದರೆ ‘ಎಗ್’ ಅನ್ನು ‘ಯೆಗ್’ ಎನ್ನುವ ನಮ್ಮ ಮಕ್ಕಳ ಉಚ್ಚಾರ ಅವಕ್ಕೆ ಒಮ್ಮೊಮ್ಮೆ ಹಿಡಿಸದು. ಆ್ಯಪ್ ಕೊಟ್ಟ ಅಂಕವನ್ನು ಮಗುವಿನ ಅಂಕ ಎಂದು ಬರೆದಿಡಬೇಡಿ.

ಇನ್ನು ನಿಮ್ಮ ತರಬೇತಿ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007-08ರಲ್ಲಿ. ಅದನ್ನು ಕಲಿಸಬೇಕಾದ ಶಿಕ್ಷಕರಲ್ಲಿ ಬಹಳ ಮಂದಿ ಸ್ವತಃ ಕನ್ನಡ ಮಾಧ್ಯಮದಲ್ಲಿ ಓದಿದವರು. 2017ರಲ್ಲಿ ಬಂದ ದೀಕ್ಷಾ ಎಂಬ ಸರಕಾರಿ ಆನ್‌ಲೈನ್ ಕಲಿಕಾ ತಾಣ, 2019ರಲ್ಲಿ ಶುರುವಾದ ನಿಷ್ಠಾ ಎಂಬ ಶಿಕ್ಷಕರ ತರಬೇತಿ, ಇವುಗಳ ಕೋರ್ಸ್‌ಗಳಿಂದ ತಿಳಿವಳಿಕೆ ಬರುತ್ತದೆ, ಸರ್ಟಿಫಿಕೇಟೂ ಬರುತ್ತದೆ. ನಾಲಿಗೆ ಪಳಗುವುದಕ್ಕೆ ಮಾತ್ರ ಎದುರಿಗೆ ಇನ್ನೊಬ್ಬರು ಬೇಕು. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ಒತ್ತಿ ಹೇಳಿದ್ದರು: ಉಪನ್ಯಾಸ ಕೇಳಿದ್ದು ತರಗತಿಗೆ ಇಳಿಯಬೇಕಾದರೆ, ಅಲ್ಲೇ ಪಕ್ಕದಲ್ಲಿ ನಿಂತು ನೋಡಿ ಹೇಳುವ ಜತೆಗಾರರು ಇರಬೇಕು. ನಮ್ಮ ಹೆಚ್ಚಿನ ತರಬೇತಿಗಳು ಈ ಹಂತಕ್ಕೆ ಬರುವ ಮೊದಲೇ ಮುಗಿದುಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗೆಂದು ಆದೇಶ ಬರಲಿ ಎಂದು ಕಾಯಬೇಡಿ. ಪಕ್ಕದ ಶಾಲೆಯ ಟೀಚರೊಬ್ಬರನ್ನು ಜತೆ ಮಾಡಿಕೊಂಡು, ಐದು ನಿಮಿಷದ ಪಾಠದ ಆಡಿಯೋ ಒಬ್ಬರಿಗೊಬ್ಬರು ಕಳಿಸಿ. ಅದರಲ್ಲಿ ನೀವೆಷ್ಟು ಮಾತಾಡಿದಿರಿ, ಮಕ್ಕಳೆಷ್ಟು ಎಂಬುದನ್ನಷ್ಟೇ ಗಮನಿಸಿ. ಸಿಆರ್‌ಪಿಯವರಲ್ಲಿ (ಆಸುಪಾಸಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಕೇಳಿ, ಕ್ಲಸ್ಟರ್ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಪಡೆಯಿರಿ. ಅವಕಾಶ ಸಿಕ್ಕರೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೂ ಹೋಗಿಬನ್ನಿ.

ಹಳೆ ವಿದ್ಯಾರ್ಥಿಗಳು ಇನ್ನೇನು ಬೇಕೆಂದು ಕೇಳಿದರೆ ಎರಡನೇ ಟಿವಿ ಬೇಡ ಎನ್ನಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಇಂಗ್ಲಿಷ್, ಕನ್ನಡ ಎರಡರಲ್ಲೂ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿಕೊಡಲು ಹೇಳಿ.