ಪುಣೆಯಲ್ಲಿ ಸಿಗುವ ಮಣ್ಣು, ಭತ್ತದ ಹೊಟ್ಟಿನಿಂದ ಶಾಖ ತಡೆಯುವ ಇಟ್ಟಿಗೆ ನಾವೇ ಮಾಡಬಹುದೇ?

ಮಾಡಬಹುದು. ನಾನು ಮಾಡಿದ್ದೇನೆ, ಮೊದಲ ಸಲ ಪೂರ್ತಿ ಕೆಡಿಸಿಯೂ ಇದ್ದೇನೆ. ಕಟ್ಟಿಗೆ ಉರಿಸುವ ಒಲೆಗೆ ಇಂಥ ಇಟ್ಟಿಗೆ ಬೇಕು, ಅಂಗಡಿಯದು ದುಬಾರಿ ಅಂದಿದ್ದೀರಿ. ನನ್ನದೂ ಅದೇ ಕಥೆ. ವಿಜಯಪುರದ ಕಡೆಯವರು ನಾವು, ಪುಣೆಯಲ್ಲಿ ಸಣ್ಣ ರೊಟ್ಟಿ ಖಾನಾವಳಿ ಇದೆ. ಮಾಮೂಲಿ ಇಟ್ಟಿಗೆ ಒಲೆ ಬೆಳಗಿನ ಉರಿಯನ್ನೆಲ್ಲ ತಾನೇ ಕುಡಿಯುತ್ತಿತ್ತು.

ಇದರ ಗುಟ್ಟು ಇಷ್ಟೇ: ಸುಡುವಾಗ ಒಳಗಿನ ಹೊಟ್ಟು ಉರಿದುಹೋಗಿ ಸಣ್ಣ ತೂತುಗಳು ಉಳಿಯುತ್ತವೆ. ಅದರಲ್ಲಿ ನಿಂತ ಗಾಳಿಯೇ ಶಾಖ ತಡೆಯುತ್ತದೆ.

ನಾನು ಎಡವಿದ್ದು ಮಣ್ಣಿನಲ್ಲಿ. ಊರಿನ ಅಭ್ಯಾಸ ನೋಡಿ, ಸುಮ್ನೆ ಹೊಲದ ಎರೆಮಣ್ಣು ತಂದೆ. ಅದು ಒಣಗುವಾಗಲೇ ಬಿರುಕು ಬಿಟ್ಟಿತು. ಉಳಿದವನ್ನು ಸುಟ್ಟು ತಂದಿಟ್ಟ ಎರಡನೇ ದಿನ ಮೂಲೆಗಳು ಚಟಚಟ ಸಿಡಿದವು. ನೋಡಿದರೆ ಪ್ರತಿ ಗುಂಡಿಯ ತಳದಲ್ಲೂ ಒಂದು ಬಿಳಿ ಚುಕ್ಕೆ. ಮಣ್ಣಿನಲ್ಲಿದ್ದ ಸುಣ್ಣದಕಲ್ಲಿನ ಹರಳು ಸುಟ್ಟು ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬಿತ್ತು! ಈಗ ಕುಂಬಾರರ ಹತ್ತಿರವೇ ಮಣ್ಣು ಕೊಳ್ಳುತ್ತೇನೆ, ಒಣಗಿಸಿ, ಕುಟ್ಟಿ, ಜರಡಿ ಹಿಡಿಯುತ್ತೇನೆ. ಹಸಿ ಮಣ್ಣಿನ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದಿಡಿ. ಒಣಗಿದ ಮೇಲೆ 9ಕ್ಕಿಂತ ಕಡಿಮೆ ಬಂದರೆ ಮರಳು ಸೇರಿಸಬೇಕು.

ಹೊಟ್ಟು ಮಾವಳದ ಕಡೆ ಅಕ್ಕಿ ಗಿರಣಿಗಳಲ್ಲಿ ಸಿಗುತ್ತದೆ, 'ತೂಸ್' ಅಂತ ಕೇಳಿ. ಅದನ್ನು ಪುಡಿ ಮಾಡಿ ಹಾಕಿ. ಇಡಿಯಾಗಿ ಹಾಕಿದರೆ ತೂತು ದೊಡ್ಡದಾಗಿ ಇಟ್ಟಿಗೆ ಉದುರುತ್ತದೆ. ಸುಟ್ಟ ಮೇಲೂ ಹೊಟ್ಟಿನ ತೂಕದ ಸುಮಾರು ಐದನೇ ಒಂದು ಭಾಗ ಬೂದಿಯಾಗಿ ಒಳಗೇ ಉಳಿಯುತ್ತದೆ. ಕಟ್ಟಿಗೆ ಮಿಲ್ಲಿನ ಸಣ್ಣ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಬೂದಿ ತೀರಾ ಕಡಿಮೆ. ಕಬ್ಬಿನ ಸಿಪ್ಪೆಯ ಸಹವಾಸ ಬೇಡ, ಅದರ ನಾರು ಅಚ್ಚಿನಲ್ಲಿ ಕೂರುವುದಿಲ್ಲ. ಅಳತೆ ನನಗೆ ಹೊಂದಿದ್ದು ಒಂದು ಬುಟ್ಟಿ ಮಣ್ಣಿಗೆ ಒಂದೂವರೆ ಬುಟ್ಟಿ ಪುಡಿ. ನಿಮ್ಮ ಮಣ್ಣಿಗೆ ಬೇರೆ ಆಗಬಹುದು, ಮೊದಲು ಮೂರ್ನಾಲ್ಕು ಮಾತ್ರ ಮಾಡಿ. ನೆರಳಲ್ಲಿ ಎರಡು ವಾರ ಒಣಗಲಿ.

ಟೆರೇಸ್ ಮೇಲೆ ಸುಡೋಕೆ ಹೋಗಬೇಡಿ, ಹೊಗೆಗೆ ಸೊಸೈಟಿಯವರು ಹೊರಗೆ ಹಾಕುತ್ತಾರೆ. ಕುಂಬಾರರ ಆವಿಗೆಯಲ್ಲಿ ಕೇಳಿ (ಇಲ್ಲಿ 'ಆವಾ' ಅಂತಾರೆ, ನಮ್ಮ ಮಾತೇ ಅಲ್ವಾ). 900 ಡಿಗ್ರಿ ಸಾಕು, ಆದರೆ ಶುರುವಿನಲ್ಲಿ ನಿಧಾನ ಇರಬೇಕು. 300ರ ಆಸುಪಾಸಿನಲ್ಲಿ ಹೊಟ್ಟು ತಾನೇ ಹೊತ್ತಿಕೊಳ್ಳುತ್ತದೆ. ಅವಸರ ಮಾಡಿದರೆ ಹೊರಗೆ ಕೆಂಪು, ಒಡೆದರೆ ನಡುವೆ ಕಪ್ಪು. ಒಳಗಿನ ಇದ್ದಿಲು ಉರಿದೇ ಇಲ್ಲ ಅಂತ ಅರ್ಥ.

ಸರಿ ಬಂದಿದೆಯಾ ಅಂತ ತಕ್ಕಡಿ ಹೇಳುತ್ತದೆ. 9 ಇಂಚು ಉದ್ದ, 4.5 ಅಗಲ, 3 ದಪ್ಪದ ಇಟ್ಟಿಗೆ ಹತ್ತಿರ ಹತ್ತಿರ ಎರಡು ಲೀಟರ್ ಗಾತ್ರ. ಮಾಮೂಲಿಯದು 3 ಕಿಲೊ ದಾಟುತ್ತದೆ. ನಿಮ್ಮದು 2 ಕಿಲೊ ಒಳಗೆ ಬರಬೇಕು.

ಈ ಇಟ್ಟಿಗೆ ಮೆತ್ತಗೆ. ಕಟ್ಟಿಗೆ ತಗುಲಿದರೆ ಸವೆಯುತ್ತದೆ, ಹಾಗಾಗಿ ಒಲೆಯ ಬಾಯಿಗೆ ಗಟ್ಟಿ ಇಟ್ಟಿಗೆಯೇ ಇರಲಿ. ಪಾವ್ ಸುಡುವ ಓವನ್ ಆದರೆ ಲೆಕ್ಕ ಬೇರೆ: ಶಾಖ ಹಿಡಿದಿಡುವ ಗಟ್ಟಿ ಇಟ್ಟಿಗೆ ಒಳಗೆ, ಇದು ಹೊರಗೆ.

ನಮ್ಮ ಅವ್ವನಿಗೆ ಮಾತ್ರ ಹೊಸ ಒಲೆ ಮೇಲೆ ಸಿಟ್ಟು. ಮೊದಲು ಒಲೆಯ ಹೊರಗೋಡೆಗೆ ಹಾಕಿದ ಒದ್ದೆ ಮಸಿಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು, ಈಗ ಮಧ್ಯಾಹ್ನದವರೆಗೂ ಹಸಿಯಾಗಿಯೇ ಇರುತ್ತದಂತೆ.